ಜತ್ತ ರೋಡ್ ಹಳಿಯ ಗೂಡ್ಸ್ ಗಾಡಿ, ಎಂಜಿನ್: ಎಂಟು ತಪ್ಪು ಕಲ್ಪನೆಗಳು, ಎಂಟು ವಾಸ್ತವಗಳು

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಒಂದು ರೈಲು ಹಳಿ ಹಾದುಹೋಗಿದೆ. ಮಿರಜದಿಂದ ಹೊರಟು ಕವಠೆ ಮಹಾಂಕಾಳ ದಾಟಿ, ಜತ್ತ ರೋಡ್ ನಿಲ್ದಾಣ ಮುಟ್ಟಿ, ಸಾಂಗೋಲಾ, ಪಂಢರಪುರ, ಕುರ್ಡುವಾಡಿ, ಬಾರ್ಸಿಗಳ ಮೇಲೆ ಲಾತೂರಿಗೆ ಹೋಗುವ ಹಳಿ ಅದು. ಉಮದಿ, ಸಂಖ, ಗುಡ್ಡಾಪುರದಂಥ ಕನ್ನಡದ ಊರುಗಳು ಅದರಿಂದ ದೂರವೇ ಉಳಿದಿವೆ. ಗುಡ್ಡಾಪುರದ ದಾನಮ್ಮ ದೇವಿಯ ದರ್ಶನಕ್ಕೆ ಕರ್ನಾಟಕದಿಂದ ಬರುವ ಭಕ್ತರಲ್ಲಿ ಹೆಚ್ಚಿನವರಿಗೆ ಈ ಸೀಮೆಯಲ್ಲಿ ರೈಲೊಂದು ಓಡುತ್ತದೆ ಎಂಬುದೇ ಗೊತ್ತಿರುವುದಿಲ್ಲ.

ಗೊತ್ತಿದ್ದವರ ಮಾತಿನಲ್ಲೂ ಈ ಹಳಿಯ ಬಗ್ಗೆ, ಅದನ್ನು ಹಾಕಿದ ಕಂಪನಿಯ ಬಗ್ಗೆ, ಅದರ ಮೇಲೆ ಓಡಿದ ಎಂಜಿನ್‌ಗಳ ಬಗ್ಗೆ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ. ಇದು ಬರೀ ಇತಿಹಾಸದ ಪ್ರಶ್ನೆಯಾಗಿದ್ದರೆ ಬಿಡಬಹುದಿತ್ತು. ಆದರೆ ಬರದ ಸೀಮೆಯ ಜನ ರೈಲ್ವೆಯಿಂದ ಏನು ಕೇಳಬೇಕು, ಏನು ನಿರೀಕ್ಷಿಸಬಾರದು ಎಂಬುದು ಈ ತಿಳಿವಳಿಕೆಯ ಮೇಲೇ ನಿಂತಿದೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಈ ರೈಲನ್ನು ಬ್ರಿಟಿಷ್ ಸರ್ಕಾರ ಹಾಕಿತು; ಸ್ವಾತಂತ್ರ್ಯ ಬಂದ ದಿನವೇ ಅದು ನಮ್ಮದಾಯಿತು

ವಾಸ್ತವ: ಇದನ್ನು ಹಾಕಿದ್ದು ಸರ್ಕಾರವಲ್ಲ, ಬಾರ್ಸಿ ಲೈಟ್ ರೈಲ್ವೆ ಎಂಬ ಖಾಸಗಿ ಕಂಪನಿ. 1895ರಲ್ಲಿ ಲಂಡನ್ನಿನಲ್ಲಿ ನೋಂದಣಿಯಾದ ಈ ಕಂಪನಿಯ ಹಿಂದಿದ್ದ ಮಿದುಳು ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರ್‌ನದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಕೆಲಸಕ್ಕಿದ್ದಾಗಲೇ ಆತ ಈ ನಾಡನ್ನು ಸುತ್ತಿ ನೋಡಿದ್ದ. ಹಳಿ, ಎಂಜಿನ್, ಡಬ್ಬಿ, ನಿಲ್ದಾಣ ಎಲ್ಲವೂ ಕಂಪನಿಯ ಆಸ್ತಿ. ಸರ್ಕಾರದಿಂದ ಅನುಮತಿ ಬೇಕಿತ್ತು, ಬಂಡವಾಳ ಷೇರುದಾರರದ್ದು.

ಹಳಿ ಒಮ್ಮೆಗೇ ಬಂದದ್ದೂ ಅಲ್ಲ. ಮೊದಲ ತುಂಡು 1897ರಲ್ಲಿ ಬಾರ್ಸಿಯಿಂದ ಬಾರ್ಸಿ ರೋಡ್‌ವರೆಗೆ, ಎಂದರೆ ಇಂದಿನ ಕುರ್ಡುವಾಡಿಯವರೆಗೆ, ತೆರೆಯಿತು. 1906ರಲ್ಲಿ ಪಂಢರಪುರ, 1911ರಲ್ಲಿ ಅಂದಿನ ನಿಜಾಮನ ಸೀಮೆಯಲ್ಲಿದ್ದ ಲಾತೂರ, 1927ರಲ್ಲಿ ಮಿರಜ ಮುಟ್ಟಿತು. ಜತ್ತ ಸೀಮೆಗೆ ಹಳಿ ಬಂದದ್ದು ಈ ಕೊನೆಯ ವಿಸ್ತರಣೆಯಲ್ಲಿ. ಆಗ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು, ಮಿರಜವೂ ಸಂಸ್ಥಾನವೇ. ಒಂದೇ ಕಂಪನಿಯ ಗಾಡಿ ಮುಂಬೈ ಪ್ರಾಂತ, ನಿಜಾಮನ ರಾಜ್ಯ, ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳು, ಹೀಗೆ ಹಲವು ಆಳ್ವಿಕೆಗಳ ನೆಲದ ಮೇಲೆ ಓಡುತ್ತಿತ್ತು. ಎಲ್ಲ ಸೇರಿ ಸುಮಾರು 325 ಕಿ.ಮೀ. ಹಳಿ.

ಸ್ವಾತಂತ್ರ್ಯ ಬಂದ ಮೇಲೂ ಆರು ವರ್ಷಕ್ಕಿಂತ ಹೆಚ್ಚು ಕಾಲ ಕಂಪನಿ ಹಾಗೆಯೇ ಇತ್ತು. ಭಾರತ ಸರ್ಕಾರ ಅದನ್ನು ಕೊಂಡದ್ದು 1954ರ ಜನವರಿ 1ರಂದು. ಅಂದಿನಿಂದ ಈ ಹಳಿ ಮಧ್ಯ ರೈಲ್ವೆಯದು.

ತಪ್ಪು ಕಲ್ಪನೆ 2: ವಿಠ್ಠಲನ ಯಾತ್ರಿಕರಿಗಾಗಿಯೇ ಈ ರೈಲು ಹುಟ್ಟಿತು

ವಾಸ್ತವ: ಯಾತ್ರಿಕರಿಂದ ಕಂಪನಿಗೆ ಒಳ್ಳೆಯ ಆದಾಯ ಬಂದದ್ದು ನಿಜ. ಆದರೆ ಹಳಿ ಪಂಢರಪುರ ಮುಟ್ಟಿದ್ದೇ ಮೊದಲ ಗಾಡಿ ಓಡಿದ ಒಂಬತ್ತು ವರ್ಷದ ಮೇಲೆ. ಮೊದಲ ತುಂಡಿನ ಎರಡೂ ತುದಿಯನ್ನು ನೋಡಿದರೆ ಉದ್ದೇಶ ತಾನಾಗಿ ತಿಳಿಯುತ್ತದೆ. ಒಂದು ತುದಿಯಲ್ಲಿ ಬಾರ್ಸಿ: ಹತ್ತಿ, ಎಣ್ಣೆಕಾಳು, ಧಾನ್ಯದ ದೊಡ್ಡ ಪೇಟೆ. ಇನ್ನೊಂದು ತುದಿಯಲ್ಲಿ ಮುಂಬೈಗೆ ಹೋಗುವ ದೊಡ್ಡ ಹಳಿಯ ನಿಲ್ದಾಣ. ನಡುವಿನ ಮೂವತ್ತೈದು ಕಿ.ಮೀ. ದಾರಿಯಲ್ಲಿ ಮಾಲು ಎತ್ತಿನ ಗಾಡಿಗಳ ಮೇಲೆ ಸಾಗುತ್ತಿತ್ತು. ಆ ಚಕ್ಕಡಿಗಳ ಮಾಲನ್ನು ಹಳಿಯ ಮೇಲೆ ತರುವುದೇ ಕಂಪನಿಯ ಮೊದಲ ಲೆಕ್ಕಾಚಾರ.

ಎಂದರೆ ಈ ರೈಲು ಹುಟ್ಟಿದ್ದು ಮಾಲು ಸಾಗಿಸಲು. ಮುಂದೆ ನೋಡಲಿರುವ ಅದರ ಎಂಜಿನ್‌ನ ರಚನೆಯೂ ಅದನ್ನೇ ಹೇಳುತ್ತದೆ. ಜನರನ್ನು ಬೇಗ ಒಯ್ಯಲು ಅದನ್ನು ಕಟ್ಟಿರಲಿಲ್ಲ. ಭಾರವನ್ನು ನಿಧಾನವಾಗಿ, ಅಗ್ಗವಾಗಿ ಎಳೆಯಲು ಕಟ್ಟಿದ್ದರು.

ತಪ್ಪು ಕಲ್ಪನೆ 3: ಸಣ್ಣ ಗಾಡಿಯ ಎಂಜಿನ್ ಎಂದರೆ ಆಟಿಕೆ

ವಾಸ್ತವ: ಈ ಹಳಿಯ ಅಗಲ ಎರಡೂವರೆ ಅಡಿ, ಎಂದರೆ 762 ಮಿ.ಮೀ. ಈಗಿನ ಬ್ರಾಡ್ ಗೇಜ್ 1,676 ಮಿ.ಮೀ. ಅರ್ಧಕ್ಕಿಂತ ಕಡಿಮೆ ಅಗಲ ಕಂಡವರಿಗೆ ಇದು ಮಕ್ಕಳ ರೈಲು ಅನ್ನಿಸುವುದು ಸಹಜ. ಆದರೆ ಅದರ ಮೊದಲ ಎಂಜಿನ್ ಅಂದಿನ ಕಾಲದ ಜಾಣ ಯಂತ್ರಗಳಲ್ಲೊಂದು.

ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್ ಕಂಪನಿ ಬಾರ್ಸಿಗಾಗಿ ಕಟ್ಟಿಕೊಟ್ಟ ‘ಎ’ ವರ್ಗದ ಉಗಿ ಎಂಜಿನ್‌ನ ಗಾಲಿಗಳನ್ನು ಎಣಿಸಿ ನೋಡಿ. ಮುಂದಿನಿಂದ ನಾಲ್ಕು ಅಚ್ಚು, ಎಂಟು ಗಾಲಿ. ಎಲ್ಲವೂ ಉಕ್ಕಿನ ದಂಡದಿಂದ ಒಂದಕ್ಕೊಂದು ಜೋಡಿಸಿದವು, ಎಲ್ಲವೂ ಎಳೆಯುವ ಗಾಲಿಗಳೇ. ಅವುಗಳ ಹಿಂದೆ, ಚಾಲಕ ನಿಲ್ಲುವ ಕಡೆ, ನಾಲ್ಕು ಸಣ್ಣ ಗಾಲಿಗಳ ಬೋಗಿ. ಅದು ಭಾರ ಹೊರುತ್ತದೆ, ಎಳೆಯುವುದಿಲ್ಲ. ಕಲ್ಲಿದ್ದಲು, ನೀರು ಎರಡೂ ಎಂಜಿನ್‌ನ ಮೈಮೇಲೆಯೇ. ಒಟ್ಟು ಆರು ಅಚ್ಚು. ಒಂದೊಂದು ಅಚ್ಚಿನ ಮೇಲೂ 5 ಟನ್ ಮೀರದ ಹಾಗೆ ಭಾರ ಹಂಚಿತ್ತು.

ಈ 5 ಟನ್ ಎಂಬುದೇ ಇಡೀ ಕಂಪನಿಯ ಗುಟ್ಟು. ಸಾಮಾನ್ಯವಾಗಿ ಎಂಜಿನ್ ಭಾರ, ಡಬ್ಬಿ ಹಗುರ. ಎಂಜಿನ್ ತಾಳಲೆಂದು ದಪ್ಪ ಹಳಿ ಹಾಕಬೇಕು. ಆ ಹಳಿಯ ಪೂರ್ತಿ ಶಕ್ತಿಯನ್ನು ಡಬ್ಬಿಗಳು ಬಳಸುವುದೇ ಇಲ್ಲ. ಹಾಕಿದ ದುಡ್ಡಿನ ಒಂದು ಪಾಲು ವ್ಯರ್ಥ. ಕ್ಯಾಲ್ತ್ರಾಪ್ ಇದನ್ನು ತಿರುಗಿಸಿ ಹಾಕಿದ. ಎಂಜಿನ್ ಇರಲಿ, ಮಾಲಿನ ಡಬ್ಬಿ ಇರಲಿ, ಎಲ್ಲಕ್ಕೂ ಅಚ್ಚಿಗೆ 5 ಟನ್ ಒಂದೇ ಮಿತಿ. ಎಂಜಿನ್‌ಗೆ ಹೆಚ್ಚು ಭಾರ ಬೇಕಾದರೆ ಅಚ್ಚು ಹೆಚ್ಚಿಸು, ಹಳಿ ದಪ್ಪ ಮಾಡಬೇಡ. ಹೀಗಾಗಿ ಗಜಕ್ಕೆ 30 ಪೌಂಡ್ ತೂಗುವ, ಎಂದರೆ ಮೀಟರಿಗೆ ಸುಮಾರು 15 ಕಿಲೋದ, ತೆಳ್ಳನೆಯ ಹಳಿಯೇ ಸಾಕಾಯಿತು. ಒತ್ತಿ ರೂಪಿಸಿದ ಉಕ್ಕಿನ ಚೌಕಟ್ಟಿನಿಂದ ಡಬ್ಬಿಯ ಸ್ವಂತ ತೂಕ ಇಳಿಯಿತು. ನಾಲ್ಕು ಅಚ್ಚಿನ ಡಬ್ಬಿಯ 20 ಟನ್ ಮಿತಿಯಲ್ಲಿ ಹೆಚ್ಚಿನ ಪಾಲು ಮಾಲಿಗೇ ಸಿಕ್ಕಿತು. ಕಂಪನಿ ಇದನ್ನು ಭಾರತಕ್ಕೆ ತರುವ ಮೊದಲೇ, 1896ರಲ್ಲಿ, ಲೀಡ್ಸ್ ಬಳಿಯ ನ್ಯೂಲೇ ಎಂಬಲ್ಲಿ ಪರೀಕ್ಷಾ ಹಳಿ ಹಾಕಿ ಎಂಜಿನಿಯರ್‌ಗಳಿಗೆ, ಪತ್ರಕರ್ತರಿಗೆ ತೋರಿಸಿತ್ತು.

ಇಂದಿನ ಲೆಕ್ಕದೊಂದಿಗೆ ಹೋಲಿಸಿದರೆ ಸೋಜಿಗವಾಗುತ್ತದೆ. ಈಗ ನಮ್ಮ ಮುಖ್ಯ ಹಳಿಗಳು ಮೀಟರಿಗೆ 60 ಕಿಲೋ ತೂಗುತ್ತವೆ. ಕಲ್ಲಿದ್ದಲು, ಅದಿರು ಹೊರುವ ಬಾಕ್ಸ್‌ಎನ್ ಡಬ್ಬಿಗೂ ನಾಲ್ಕೇ ಅಚ್ಚು. ಅದರ ಮೂಲ ವಿನ್ಯಾಸದಲ್ಲಿ ಅಚ್ಚಿಗೆ 20.32 ಟನ್, ಒಟ್ಟು 81.28 ಟನ್. ಹಳಿಯೂ ನಾಲ್ಕು ಪಟ್ಟು, ಅಚ್ಚಿನ ಭಾರವೂ ನಾಲ್ಕು ಪಟ್ಟು. ಒಂದು ಕಿಲೋ ಉಕ್ಕಿನ ಮೇಲೆ ಎಷ್ಟು ಮಾಲು ಹೊರಿಸಬಹುದು ಎಂಬ ಲೆಕ್ಕದಲ್ಲಿ ಆ ಸಣ್ಣ ಗಾಡಿ ಇಂದಿನ ದೈತ್ಯ ಗಾಡಿಗೆ ಸರಿಸಮವಾಗಿತ್ತು.

ತಪ್ಪು ಕಲ್ಪನೆ 4: ಎಂಜಿನ್‌ಗಳು ಸೋತದ್ದರಿಂದ ಸಣ್ಣ ಗೇಜು ಮುಚ್ಚಿತು

ವಾಸ್ತವ: ಎಂಜಿನ್‌ಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಇದ್ದವು. ಮೊದಲಿನ ‘ಎ’ ವರ್ಗದವುಗಳ ನಂತರ, ಮುಂಭಾಗದಲ್ಲೂ ಬೋಗಿಯಿದ್ದ ಇನ್ನೂ ದೊಡ್ಡ ಕಿಟ್ಸನ್ ಎಂಜಿನ್‌ಗಳು ಬಂದವು. ಕೊನೆಕೊನೆಗೆ ಡೀಸೆಲ್ ಬಂತು. ಕುರ್ಡುವಾಡಿಯ ರೈಲ್ವೆ ಕಾರ್ಖಾನೆ ಇವುಗಳ ಆರೈಕೆ ಮಾಡಿತು.

ಸಣ್ಣ ಗೇಜನ್ನು ಸೋಲಿಸಿದ್ದು ಅದರ ಎರಡು ತುದಿಗಳು. ಮಿರಜವನ್ನೇ ತೆಗೆದುಕೊಳ್ಳಿ. 1971ರ ಹೊತ್ತಿಗೆ ಪುಣೆ, ಕೊಲ್ಹಾಪುರ ಕಡೆ ಬ್ರಾಡ್ ಗೇಜ್ ಬಂತು; ಬೆಳಗಾವಿ, ಲೋಂಡಾ ಕಡೆ ಮೀಟರ್ ಗೇಜೇ ಉಳಿಯಿತು; ಜತ್ತ ರೋಡ್, ಪಂಢರಪುರ ಕಡೆ ನ್ಯಾರೋ ಗೇಜ್. ಒಂದೇ ಜಂಕ್ಷನ್‌ನಲ್ಲಿ ಮೂರು ಅಗಲದ ಹಳಿ. ನೋಡುವವರಿಗೆ ಅದು ಅಪರೂಪದ ದೃಶ್ಯ. ಮಾಲು ಕಳಿಸುವವರಿಗೆ ದುಬಾರಿ ತೊಡಕು. ಸಣ್ಣ ಗಾಡಿಯಲ್ಲಿ ಬಂದ ಚೀಲವನ್ನು ಹಮಾಲರು ಇಳಿಸಬೇಕು, ಇನ್ನೊಂದು ಗಾಡಿಯ ಡಬ್ಬಿಗೆ ಏರಿಸಬೇಕು. ಇತ್ತ ಕುರ್ಡುವಾಡಿಯ ತುದಿಯಲ್ಲೂ ಅದೇ ಪಾಡು. ಒಂದೊಂದು ಸಲ ಏರಿಸಿ ಇಳಿಸಿದಾಗಲೂ ಕೂಲಿ, ಸಮಯ, ಒಡೆಯುವ ಚೀಲ, ಸೋರುವ ಕಾಳು. ಅದೇ ಚೀಲವನ್ನು ಲಾರಿ ರೈತನ ಕಣದಿಂದ ಎತ್ತಿ ನೇರ ಪೇಟೆಯ ಅಂಗಡಿಯ ಮುಂದೆ ಇಳಿಸುತ್ತಿತ್ತು. ಈ ಪೈಪೋಟಿಯಲ್ಲಿ ಎಂಜಿನ್ ಎಷ್ಟೇ ಬಲವಾಗಿದ್ದರೂ ಗೆಲ್ಲುವ ದಾರಿ ಇರಲಿಲ್ಲ.

ಗೇಜ್ ಬದಲಿಸುವ ಕೆಲಸ ತುಂಡು ತುಂಡಾಗಿ ನಡೆಯಿತು. ಕುರ್ಡುವಾಡಿ ಮತ್ತು ಲಾತೂರ ನಡುವೆ 2008ರಲ್ಲಿ, ಪಂಢರಪುರ ಮತ್ತು ಮಿರಜ ನಡುವೆ 2010ರ ಹೊತ್ತಿಗೆ ಬ್ರಾಡ್ ಗೇಜ್ ಆಯಿತು. ಜತ್ತ ರೋಡ್‌ನಲ್ಲಿ ಹೊರಟ ಡಬ್ಬಿ ಎಲ್ಲೂ ಮಾಲು ಇಳಿಸದೆ ದೇಶದ ಯಾವ ಮೂಲೆಗಾದರೂ ಹೋಗುವುದು ಸಾಧ್ಯವಾದದ್ದು ಅಂದಿನಿಂದ.

ತಪ್ಪು ಕಲ್ಪನೆ 5: ಈಗ ಗೂಡ್ಸ್ ಓಡಿಸುವ ಕಂಪನಿಗಳಿಗೂ ಬಾರ್ಸಿಯ ಹಾಗೆ ಸ್ವಂತ ಎಂಜಿನ್ ಇವೆ

ವಾಸ್ತವ: ಡಬ್ಬಿಗಳ ಮೇಲೆ, ಕಂಟೇನರ್‌ಗಳ ಮೇಲೆ ಕಂಪನಿಯ ಹೆಸರು ಕಂಡಾಗ ಇಡೀ ಗಾಡಿಯೇ ಅವರದ್ದು ಅನ್ನಿಸುತ್ತದೆ. ಎಂಜಿನ್ ಮಾತ್ರ ಭಾರತೀಯ ರೈಲ್ವೆಯದು. ಲೋಕೋ ಪೈಲಟ್ ರೈಲ್ವೆಯ ನೌಕರ, ಹಳಿ, ಸಿಗ್ನಲ್ ರೈಲ್ವೆಯವು.

ಕಂಟೇನರ್ ಸಾಗಣೆಯ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ತೆರೆದದ್ದು ಬೆಂಗಳೂರಿನಲ್ಲಿ, 1981ರಲ್ಲಿ. ಇಂಥ ಡಿಪೊಗಳನ್ನು ನಡೆಸಲೆಂದು 1988ರಲ್ಲಿ ಕಂಟೇನರ್ ಕಾರ್ಪೊರೇಷನ್ ಆಫ್ ಇಂಡಿಯಾ, ಎಲ್ಲರ ಬಾಯಲ್ಲಿ ಕಾನ್ಕಾರ್, ಸ್ಥಾಪನೆಯಾಯಿತು. 2006ರಲ್ಲಿ ಖಾಸಗಿ ಕಂಪನಿಗಳಿಗೂ ಕಂಟೇನರ್ ರೈಲು ನಡೆಸಲು ಅವಕಾಶ ಸಿಕ್ಕಿತು. ಇವರೆಲ್ಲ ಡಬ್ಬಿ ಕೊಳ್ಳಬಹುದು, ಡಿಪೊ ಕಟ್ಟಬಹುದು, ಗಿರಾಕಿಗಳೊಂದಿಗೆ ದರ ಮಾತಾಡಬಹುದು. ಎಳೆದುಕೊಂಡು ಹೋಗುವುದಕ್ಕೆ ರೈಲ್ವೆಗೆ ಶುಲ್ಕ ಕಟ್ಟುತ್ತಾರೆ. ದೊಡ್ಡ ಕಾರ್ಖಾನೆಗಳಿಗೆ ತಮ್ಮ ಅಂಗಳದೊಳಗೆ ಡಬ್ಬಿ ಅತ್ತಿತ್ತ ಸರಿಸಲು ಸ್ವಂತ ಎಂಜಿನ್ ಇರುವುದುಂಟು. ಮುಖ್ಯ ಹಳಿಯ ಮೇಲಿನ ಓಟ ರೈಲ್ವೆಯದೇ.

ಹಾಗಾಗಿ ಜತ್ತ ಸೀಮೆಯ ಮಟ್ಟಿಗೆ, ತನ್ನ ಹಳಿಯ ಮೇಲೆ ತನ್ನದೇ ಎಂಜಿನ್ ಪಡೆ ಇಟ್ಟುಕೊಂಡು ಮಾಲು ಸಾಗಿಸಿದ ಕಂಪನಿಯ ಕಾಲ 1954ರಲ್ಲಿ ಮುಗಿಯಿತು. ಇಂದು ಎಂಜಿನ್ ಎಲ್ಲಿಗೆ ಹೋಗಬೇಕು, ಯಾವ ಗಾಡಿಗೆ ಹಚ್ಚಬೇಕು ಎಂಬುದನ್ನು ರೈಲ್ವೆಯ ಕಂಟ್ರೋಲ್ ಕಚೇರಿ ನಿರ್ಧರಿಸುತ್ತದೆ. ಯಾವ ಎಂಜಿನ್ನೂ ಒಂದು ಮಾರ್ಗದ ಸ್ವತ್ತಲ್ಲ.

ತಪ್ಪು ಕಲ್ಪನೆ 6: ಅಶ್ವಶಕ್ತಿ ಮೂರು ಪಟ್ಟಾದರೆ ಎಳೆಯುವ ಭಾರವೂ ಮೂರು ಪಟ್ಟಾಗುತ್ತದೆ

ವಾಸ್ತವ: ನಿಂತ ಗಾಡಿಯನ್ನು ಹೊರಡಿಸುವುದು ಬೇರೆ, ಹೊರಟ ಗಾಡಿಯನ್ನು ವೇಗವಾಗಿ ಒಯ್ಯುವುದು ಬೇರೆ. ಮೊದಲನೆಯದಕ್ಕೆ ಗಾಲಿಗಳ ಮೇಲಿನ ತೂಕ ಮುಖ್ಯ, ಎರಡನೆಯದಕ್ಕೆ ಅಶ್ವಶಕ್ತಿ ಮುಖ್ಯ. ಗಾಲಿಯ ಮೇಲೆ ತೂಕ ಸಾಲದಿದ್ದರೆ ಎಷ್ಟೇ ಶಕ್ತಿ ಕೊಟ್ಟರೂ ಅದು ಹಳಿಯ ಮೇಲೆ ಜಾರಿ ಇದ್ದಲ್ಲೇ ತಿರುಗುತ್ತದೆ. ಹರಗಿದ ಹೊಲದ ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರ್‌ನ ಗಾಲಿ ಇದ್ದಹಾಗೆ.

ನಮ್ಮ ದೇಶದ ಎರಡು ಗೂಡ್ಸ್ ಎಂಜಿನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಡಬ್ಲ್ಯೂಡಿಜಿ-4 ಡೀಸೆಲ್. ಹುಬ್ಬಳ್ಳಿಯ ಲೋಕೋ ಶೆಡ್ ದೇಶದಲ್ಲಿ ಈ ಜಾತಿಯ ಎಂಜಿನ್‌ಗಳ ಮೊದಲ ತವರು. ಆರು ಅಚ್ಚು, 126 ಟನ್ ತೂಕ, 4,000 ಅಶ್ವಶಕ್ತಿ. ಹೊರಡುವಾಗಿನ ಎಳೆತ 540 ಕಿಲೋನ್ಯೂಟನ್, ಸುಮಾರು 55 ಟನ್ ಭಾರದಷ್ಟು ಬಲ. ಇನ್ನೊಂದು ಬಿಹಾರದ ಮಧೇಪುರಾದಲ್ಲಿ ಕಟ್ಟುವ ಡಬ್ಲ್ಯೂಎಜಿ-12 ವಿದ್ಯುತ್ ಎಂಜಿನ್, 2020ರಲ್ಲಿ ಸೇವೆಗೆ ಬಂದದ್ದು. ಎಂಟು ಅಚ್ಚು, 180 ಟನ್, 12,000 ಅಶ್ವಶಕ್ತಿ. ಎಳೆತ 706 ಕಿಲೋನ್ಯೂಟನ್, ಸುಮಾರು 72 ಟನ್. ಅಶ್ವಶಕ್ತಿ ಮೂರು ಪಟ್ಟಾಯಿತು, ಹೊರಡುವ ಬಲ ಮೂರನೇ ಒಂದು ಪಾಲಿನಷ್ಟು ಮಾತ್ರ ಏರಿತು. ಹೆಚ್ಚಿನ ಅಶ್ವಶಕ್ತಿಯ ಫಲ ಕಾಣುವುದು ಗಾಡಿ ಓಟಕ್ಕೆ ಬಿದ್ದ ಮೇಲೆ, ಏರಿನಲ್ಲೂ ವೇಗ ಕುಗ್ಗದೆ ಹೋಗುವಾಗ.

ಇದೇ ಮಾತಿಗೆ ಸೇರಿದ ಇನ್ನೊಂದು ತಪ್ಪು ತಿಳಿವಳಿಕೆ: ಡೀಸೆಲ್ ಎಂಜಿನ್‌ನಲ್ಲಿ ಯಂತ್ರವೇ ನೇರವಾಗಿ ಗಾಲಿ ತಿರುಗಿಸುತ್ತದೆ ಎಂಬುದು. ಈ ದೊಡ್ಡ ಎಂಜಿನ್‌ಗಳಲ್ಲಿ ಡೀಸೆಲ್ ಯಂತ್ರ ವಿದ್ಯುತ್ ಉತ್ಪಾದಿಸುತ್ತದೆ. ಆ ವಿದ್ಯುತ್ತಿನಿಂದ ಅಚ್ಚಿಗೊಂದರಂತೆ ಇರುವ ಮೋಟಾರುಗಳು ಗಾಲಿ ತಿರುಗಿಸುತ್ತವೆ. ಮಧ್ಯ ರೈಲ್ವೆಯ ಬ್ರಾಡ್ ಗೇಜ್ ಮಾರ್ಗಗಳೆಲ್ಲ 2023ರಲ್ಲಿ ವಿದ್ಯುದೀಕರಣಗೊಂಡವು. ಜತ್ತ ರೋಡ್ ಹಳಿಯ ಮೇಲೂ ತಂತಿ ಬಂದಿದೆ. ವಿದ್ಯುತ್ ಎಂಜಿನ್ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುವ ಬದಲು ಮೇಲಿನ 25,000 ವೋಲ್ಟ್ ತಂತಿಯಿಂದ ಪಡೆಯುತ್ತದೆ.

ತಪ್ಪು ಕಲ್ಪನೆ 7: ಲಾತೂರಿಗೆ ನೀರು ಒಯ್ದ ರೈಲಿನಂಥದ್ದೇ ಜತ್ತ ಸೀಮೆಯ ಬರವನ್ನೂ ನೀಗಬಲ್ಲದು

ವಾಸ್ತವ: ಇದು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ, ಹಾಗೂ ಎಲ್ಲಕ್ಕಿಂತ ಸಹಜವಾದದ್ದು. 2016ರ ಏಪ್ರಿಲ್‌ನಲ್ಲಿ ಲಾತೂರಿನ ನಲ್ಲಿಗಳು ಒಣಗಿದಾಗ ಮಿರಜದಿಂದ ನೀರಿನ ಗಾಡಿ ಹೊರಟಿತು. ಜಲದೂತ ಎಂದು ಹೆಸರಾಯಿತು. ರಾಜಸ್ಥಾನದ ಕೋಟಾದಲ್ಲಿ ಹಬೆಯಿಂದ ತೊಳೆದು ಶುದ್ಧ ಮಾಡಿದ ಟ್ಯಾಂಕ್ ಡಬ್ಬಿಗಳು. ಅವಕ್ಕೆ ಮಿರಜದಲ್ಲಿ ಕೃಷ್ಣೆಯ ಸೀಮೆಯ ನೀರು. ಮಿರಜದಲ್ಲೇ ಇರುವ, ವಿಜಯಪುರದ ಆದಿಲಶಾಹಿಗಳ ಕಾಲದ ಹೈದರಖಾನ್ ಬಾವಿ ಆ ವ್ಯವಸ್ಥೆಗೆ ನೆರವಾಯಿತು. ಹತ್ತು ಡಬ್ಬಿಗಳಲ್ಲಿ ಸುಮಾರು 5 ಲಕ್ಷ ಲೀಟರ್ ಹೊತ್ತ ಮೊದಲ ಗಾಡಿ ಏಪ್ರಿಲ್ 12ರಂದು ಲಾತೂರ ಮುಟ್ಟಿತು. ಕೆಲವೇ ದಿನಗಳಲ್ಲಿ 50 ಡಬ್ಬಿಗಳ, 25 ಲಕ್ಷ ಲೀಟರ್‌ನ ಗಾಡಿ ಓಡತೊಡಗಿತು. ಸುಮಾರು 340 ಕಿ.ಮೀ. ದೂರದ ಆ ಓಟ ಸಾಗಿದ್ದು ಜತ್ತ ರೋಡ್ ನಿಲ್ದಾಣದ ಮೇಲೆಯೇ. ತಮ್ಮ ಹೊಲ ಒಣಗಿರುವಾಗ ಕಣ್ಣೆದುರೇ ನೀರು ಇನ್ನೊಂದು ಜಿಲ್ಲೆಗೆ ಹೋಗುವುದನ್ನು ಕಂಡ ಜನ ‘ನಮಗೂ ಇಷ್ಟು ಇಳಿಸಿದರೆ’ ಎಂದುಕೊಂಡರೆ ತಪ್ಪೇನಿಲ್ಲ.

ಆದರೆ ಲೆಕ್ಕ ಹಾಕಿ ನೋಡಬೇಕು. 25 ಲಕ್ಷ ಲೀಟರ್ ಎಂದರೆ 2,500 ಟನ್ ನೀರು. ಹತ್ತು ಸಾವಿರ ಲೀಟರ್‌ನ 250 ಟ್ಯಾಂಕರ್‌ಗಳ ಕೆಲಸವನ್ನು ಒಂದು ಗಾಡಿ ಮಾಡಿತು. ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂಬ ಸರ್ಕಾರಿ ಅಳತೆ ಹಿಡಿದರೆ, ಒಂದು ಗಾಡಿಯ ನೀರು 45,000 ಜನರ ಒಂದು ದಿನದ ಬಳಕೆಗೆ ಸಾಕು. ಕುಡಿಯುವ ನೀರಿನ ತುರ್ತಿಗೆ ಇದು ಸಣ್ಣ ಸಹಾಯವಲ್ಲ. ಲಾತೂರಿಗೆ ಆಗಿದ್ದು ಅಂಥ ಸಹಾಯವೇ. ನಗರದ ಪೂರ್ತಿ ದಾಹ ತೀರಿಸಲು ಅದರಿಂದ ಆಗಲಿಲ್ಲ. 2019ರಲ್ಲಿ ಚೆನ್ನೈಗೆ ಜೋಲಾರಪೇಟೆಯಿಂದ ಹೋದ ನೀರಿನ ಗಾಡಿಗಳದ್ದೂ ಇದೇ ಮಿತಿ. ಜತ್ತ ತಾಲ್ಲೂಕಿನ 3 ಲಕ್ಷ ಮೀರಿದ ಜನಸಂಖ್ಯೆಗೆ ಇದೇ ಅಳತೆಯಲ್ಲಿ ನೀರು ಕೊಡಬೇಕಾದರೆ ಪ್ರತಿದಿನ ಇಂಥ ಏಳು ಗಾಡಿಯಾದರೂ ಬೇಕು. ಅಷ್ಟೇ ಖಾಲಿ ಗಾಡಿ ಅದೇ ಒಂಟಿ ಹಳಿಯ ಮೇಲೆ ಹಿಂದಿರುಗಬೇಕು. ನಿಲ್ದಾಣದಿಂದ ಉಮದಿ, ಸಂಖದವರೆಗೆ ಮತ್ತೆ ಟ್ಯಾಂಕರ್ ಬೇಕು.

ಇನ್ನು ಬೇಸಾಯದ ಲೆಕ್ಕ. ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಲ್ಲಿಸಬೇಕಾದರೆ ಸುಮಾರು 1 ಲಕ್ಷ ಲೀಟರ್ ಬೇಕು. ಎಂದರೆ 50 ಡಬ್ಬಿಗಳ ಇಡೀ ಗಾಡಿ ಬರಿದಾದರೆ 25 ಎಕರೆ ಒಂದೇ ಒಂದು ಸಲ ತುಸು ನೆನೆಯುತ್ತದೆ. ಹೊಲಕ್ಕೆ ನೀರು ಒಯ್ಯಲು ಕಾಲುವೆ, ಪೈಪು, ಏತ ನೀರಾವರಿ ಬಿಟ್ಟರೆ ಬೇರೆ ದಾರಿಯಿಲ್ಲ. ಕೃಷ್ಣೆಯ ನೀರನ್ನು ಎತ್ತಿ ಈ ಕಡೆ ತರುವ ಮ್ಹೈಸಾಳ ಯೋಜನೆ ತಾಲ್ಲೂಕಿನ ಎಲ್ಲ ಊರುಗಳಿಗೆ ಮುಟ್ಟಬೇಕೆಂಬ ಬೇಡಿಕೆಯ ಜಾಗದಲ್ಲಿ ನೀರಿನ ರೈಲಿನ ಬೇಡಿಕೆಯನ್ನು ಕೂಡಿಸಿದರೆ ನಷ್ಟ ರೈತನಿಗೇ.

ತಪ್ಪು ಕಲ್ಪನೆ 8: ತಾಲ್ಲೂಕಿನಲ್ಲಿ ಹಳಿ ಇದೆ ಎಂದ ಮೇಲೆ ರೈತನ ಮಾಲಿಗೆ ರೈಲು ಸಿಕ್ಕಂತೆಯೇ

ವಾಸ್ತವ: ಗೂಡ್ಸ್ ಗಾಡಿ ಬಸ್ಸಿನ ಹಾಗೆ ಕೈ ತೋರಿಸಿದಲ್ಲಿ ನಿಲ್ಲುವುದಿಲ್ಲ. ರೈಲ್ವೆ ಇಂದು ಮಾಲು ಸಾಗಣೆಯನ್ನು ಬಹುಮಟ್ಟಿಗೆ ರೇಕ್ ಲೆಕ್ಕದಲ್ಲಿ, ಎಂದರೆ ಇಡೀ ಗಾಡಿಯ ಲೆಕ್ಕದಲ್ಲಿ, ಮಾಡುತ್ತದೆ. ಸಿಮೆಂಟ್, ಕಲ್ಲಿದ್ದಲು, ಗೊಬ್ಬರ, ಸಕ್ಕರೆಗೆ ಅದು ಸರಿಹೊಂದುತ್ತದೆ. ಒಂದು ಸಲಕ್ಕೆ ಎರಡು ಸಾವಿರ ಟನ್ ಮೀರಿದ ಮಾಲು ಒಂದೇ ಕಡೆ ಕೂಡಬೇಕು, ಒಂದೇ ಕಡೆಗೆ ಹೋಗಬೇಕು. ಹತ್ತು ಕ್ವಿಂಟಲ್ ದಾಳಿಂಬೆ ಇಟ್ಟುಕೊಂಡ ರೈತನಿಗೆ ಆ ಬಾಗಿಲು ಮುಚ್ಚಿದೆ.

ಆ ಬಾಗಿಲನ್ನು ತುಸು ತೆರೆದದ್ದು ಕಿಸಾನ್ ರೈಲು. ಮೊದಲ ಕಿಸಾನ್ ರೈಲು 2020ರ ಆಗಸ್ಟ್ 7ರಂದು ನಾಸಿಕ ಬಳಿಯ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಹೊರಟಿತು. ನೂರನೆಯದು ಹೊರಟದ್ದು ಜತ್ತ ಸೀಮೆಯ ನೆರೆಯ ಸಾಂಗೋಲಾದಿಂದ. 2020ರ ಡಿಸೆಂಬರ್ 28ರಂದು, 2,000 ಕಿ.ಮೀ.ಗೂ ಆಚೆಯ ಪಶ್ಚಿಮ ಬಂಗಾಳದ ಶಾಲಿಮಾರಕ್ಕೆ. ಪ್ರಧಾನಿ ಅದಕ್ಕೆ ದೂರದಿಂದಲೇ ಹಸಿರು ನಿಶಾನೆ ತೋರಿದರು. ಹೂಕೋಸು, ದೊಣ್ಣೆ ಮೆಣಸಿನಕಾಯಿ, ದ್ರಾಕ್ಷಿ, ದಾಳಿಂಬೆ, ಬಾಳೆಯಂಥ ಮಾಲಿಗೆ ಅದರಲ್ಲಿ ಜಾಗ. ಇಂಥ ಗಾಡಿಯಲ್ಲಿ ಇಷ್ಟೇ ತೂಕ ಇರಬೇಕೆಂಬ ಕಟ್ಟಳೆ ಇರಲಿಲ್ಲ. ನಿಲ್ಲುವ ಕಡೆಯೆಲ್ಲ ಏರಿಸಬಹುದಿತ್ತು, ಇಳಿಸಬಹುದಿತ್ತು. ಹಣ್ಣು, ತರಕಾರಿಗೆ ಸಾಗಣೆ ದರದ ಅರ್ಧದಷ್ಟು ಸಬ್ಸಿಡಿಯೂ ಇತ್ತು. ಸಾಂಗೋಲಾ ಸೀಮೆಯ ದಾಳಿಂಬೆ ಬಿಹಾರ, ಬಂಗಾಳದ ಪೇಟೆಗಳನ್ನು ಮುಟ್ಟಿದ್ದು ಹೀಗೆ. ಜತ್ತ ತಾಲ್ಲೂಕಿನಲ್ಲೂ ಬೆಳೆ ಅದೇ, ಹಳಿಯೂ ಅದೇ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸಾಂಗೋಲಾಕ್ಕೆ ಆ ಗಾಡಿಯನ್ನು ತಂದದ್ದು ಹೆಚ್ಚಿನ ಅಶ್ವಶಕ್ತಿಯ ಎಂಜಿನ್ ಅಲ್ಲ. ಸುತ್ತಲಿನ ಮಾಲು ಒಂದೇ ಕಡೆ, ಒಂದೇ ಹೊತ್ತಿಗೆ ಕೂಡುವ ವ್ಯವಸ್ಥೆ, ನಿಲ್ದಾಣದಲ್ಲಿ ಏರಿಸುವ ಜಾಗ, ಸಣ್ಣ ರೈತನಿಗೂ ಸಿಗುವ ದರ, ನಿಗದಿಯಾದ ದಿನ: ಈ ನಾಲ್ಕು ಕೂಡಿ ಬಂದದ್ದರಿಂದ ಅದು ಬಂತು. ಇವುಗಳಲ್ಲಿ ಒಂದು ತಪ್ಪಿದರೂ ರೈತ ಮತ್ತೆ ಲಾರಿಯ ಬಳಿಗೇ ಹೋಗುತ್ತಾನೆ, ಹೋಗಲೇಬೇಕಾಗುತ್ತದೆ.

ಹಾಗಾದರೆ ಕೇಳಬೇಕಾದದ್ದು ಏನು?

ಈ ಎಂಟೂ ವಿಷಯಗಳನ್ನು ಸಾಲಾಗಿ ಇಟ್ಟು ನೋಡಿದರೆ ನೂರು ವರ್ಷದ ಅನುಭವ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ. ಬಾರ್ಸಿ ಕಂಪನಿ ಮೇಲೆ ಬಂದದ್ದು ಒಂದು ಪೇಟೆಯ ಮಾಲಿಗೆ ತಕ್ಕ ಹಳಿ, ಹಳಿಗೆ ತಕ್ಕ ಡಬ್ಬಿ, ಡಬ್ಬಿಗೆ ತಕ್ಕ ಎಂಜಿನ್ ಕಟ್ಟಿದ್ದರಿಂದ. ಅದರ ಹಳಿ ಸೋತದ್ದು ಎರಡೂ ತುದಿಯಲ್ಲಿ ಮಾಲನ್ನು ಇಳಿಸಿ ಏರಿಸಬೇಕಾದ್ದರಿಂದ. ಸಾಂಗೋಲಾ ಗೆದ್ದದ್ದು ಏರಿಸುವ ಜಾಗ, ದರ, ವೇಳೆ ಸರಿಯಾಗಿದ್ದರಿಂದ. ಮೂರೂ ಕಡೆ ತೀರ್ಪು ಕೊಟ್ಟದ್ದು ನೆಲದ ಮೇಲಿನ ವ್ಯವಸ್ಥೆ.

ಆದ್ದರಿಂದ ಜತ್ತ ಸೀಮೆಯ ದ್ರಾಕ್ಷಿ, ದಾಳಿಂಬೆ ಬೆಳೆಗಾರರ ಸಂಘಗಳು, ಗ್ರಾಮ ಪಂಚಾಯಿತಿಗಳು ರೈಲ್ವೆಯ ಮುಂದೆ ಕುಳಿತಾಗ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟ. ಹತ್ತಿರದ ಯಾವ ನಿಲ್ದಾಣದಲ್ಲಿ ಮಾಲು ಏರಿಸುವ ಪ್ಲಾಟ್‌ಫಾರ್ಮ್ ಇದೆ? ಎಷ್ಟು ಡಬ್ಬಿ ನಿಲ್ಲುವ ಸೈಡಿಂಗ್ ಇದೆ? ಸುಗ್ಗಿಯಲ್ಲಿ ವಾರಕ್ಕೆ ಎಷ್ಟು ಸಲ ಪಾರ್ಸೆಲ್ ಡಬ್ಬಿ ಕೊಡುತ್ತೀರಿ, ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಹಣ್ಣು ಕೆಡದಂತೆ ಇಡಲು ತಂಪು ಕೋಣೆ ಯಾರು ಕಟ್ಟುತ್ತೀರಿ? ಗಾಡಿ ತಡವಾದರೆ ನಷ್ಟ ಯಾರದು? ದಕ್ಷಿಣದ ಊರುಗಳ ರೈತನಿಗೆ ಜತ್ತ ರೋಡ್ ಹತ್ತಿರವೋ ವಿಜಯಪುರ ಹತ್ತಿರವೋ ಎಂಬ ಲೆಕ್ಕವನ್ನೂ ಗಡಿಯ ಗೆರೆ ನೋಡದೆ, ದಾರಿ ಮತ್ತು ಬಾಡಿಗೆ ನೋಡಿ ಹಾಕಬೇಕು. ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಕ್ಕ ದಿನ, ನೂರು ವರ್ಷದ ಹಿಂದೆ ಮಾಲಿಗಾಗಿಯೇ ಹುಟ್ಟಿದ ಈ ಹಳಿ ಜತ್ತದ ಬೆಳೆಗೂ ದಾರಿಯಾಗುತ್ತದೆ. ಎಂಜಿನ್ ಯಾವುದೆಂಬುದನ್ನು ರೈಲ್ವೆ ನೋಡಿಕೊಳ್ಳಲಿ. ಮಾಲು ಕೂಡಿಸುವ, ಏರಿಸುವ, ದರ ಗೊತ್ತು ಮಾಡುವ ಮಾತಿನಲ್ಲಿ ರೈತ ಕುಳಿತಿರಬೇಕು.